ಜೋರು ಟೀಚರ್ ಇಳಿಸಿದ ಚಾವಣಿ

ಗಿರಣಿ ಬೀದಿ ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಮಕ್ಕಳು ಇಟ್ಟ ಹೆಸರು ಜೋರು ಟೀಚರ್. ಆಕೆ ಒಂದನೇ ತರಗತಿಯಲ್ಲಿ ಮಗ್ಗಿ ಶುರುಮಾಡಿದರೆ ಬಸ್ ಸ್ಟಾಪಿನಲ್ಲಿ ನಿಂತವರಿಗೂ ಬಾಯಿಪಾಠವಾಗಬೇಕು, ಅಂಥ ಗಂಟಲು. ಹೆಸರಿನ ಸಂಗತಿ ಆಕೆಗೂ ಗೊತ್ತಿತ್ತು. ಒಳಗೊಳಗೇ ಹಿಗ್ಗೂ ಇತ್ತು.

ಆ ಶಾಲೆಗೆ ಚಾವಣಿ ಹೊದಿಸಿದ್ದು ಆಕೆಯ ಅಣ್ಣನೇ. ಪ್ರಾಯದಲ್ಲಿ ಅವನು ಶೀಟಿನ ಕೆಲಸದಲ್ಲಿ ಎತ್ತಿದ ಕೈ. ಬೂದು ಬಣ್ಣದ ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್ ಶೀಟುಗಳನ್ನು ಗರಗಸದಿಂದ ಕೊಯ್ದು, ಮೈಮೇಲಿನ ಪುಡಿ ಕೊಡವಿಕೊಂಡು ಮನೆಗೆ ಬರುತ್ತಿದ್ದ. ತಂಗಿಯನ್ನು ಓದಿಸಿದ್ದೂ ಅದೇ ದುಡಿಮೆ. ಆಕೆ ಅದೇ ಶಾಲೆಗೆ ಟೀಚರಾಗಿ ಬಂದ ದಿನ, "ನೋಡ್ಕೋ, ನಿನ್ನ ತಲೆ ಮೇಲೆ ನಾನೇ ಇದ್ದೀನಿ" ಎಂದು ಬೀಗಿದ್ದ.

ವಯಸ್ಸಾಗುತ್ತ ಅಣ್ಣನಿಗೆ ಉಸಿರು ಸಾಲದಾಯಿತು. ಬೀದಿಯ ತುದಿ ಮುಟ್ಟುವಷ್ಟರಲ್ಲಿ ಯಾರದೋ ಮನೆಯ ಕಟ್ಟೆ ಹುಡುಕಿ ಕೂತುಬಿಡುತ್ತಿದ್ದ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ವರ್ಷಗಟ್ಟಲೆ ಉಸಿರಿನ ಜೊತೆ ಒಳಗೆ ಹೋದ ಕಲ್ನಾರಿನ ಎಳೆಗಳು ಶ್ವಾಸಕೋಶವನ್ನು ಬಿಗಿ ಮಾಡಿವೆ ಎಂದರು.

ಮರುದಿನ ಎರಡನೇ ತರಗತಿಯಲ್ಲಿ ಟೀಚರ್ ತಲೆಯೆತ್ತಿ ನೋಡಿದಳು. ಮೈದಾನದ ಚೆಂಡು ಬಿದ್ದೂ ಬಿದ್ದೂ ಶೀಟಿನ ಅಂಚು ಒಡೆದಿತ್ತು. ಕೆಳಗಿನ ಬೆಂಚಿನ ಮೇಲೆ ಬೂದು ಪುಡಿ. ಅದರಲ್ಲೊಂದು ಪುಟ್ಟ ಹುಡುಗಿ ಬೆರಳಿನಿಂದ ಹೂವು ಬಿಡಿಸುತ್ತಿದ್ದಳು. ಟೀಚರ್ ಅವಳನ್ನು ನಲ್ಲಿಯ ಬಳಿಗೆ ಕರೆದೊಯ್ದು ಕೈ ತೊಳೆಸಿದಳು. ಅಂದೇ ಆ ಕೋಣೆಗೆ ಬೀಗ ಬಿತ್ತು. ಮಕ್ಕಳು ಜಗಲಿಗೆ ಬಂದರು.

ಕಲ್ನಾರಿನ ಚಾವಣಿಯಿದ್ದ ಶಾಲೆಗಳಿಗೆ ಆ ವರ್ಷ ಸರ್ಕಾರ ಅನುದಾನ ಘೋಷಿಸಿತು. ಆಕೆ ತಡಮಾಡದೆ ಅರ್ಜಿ ಹಾಕಿದಳು. ಆದರೆ ಮಂಜೂರಾಗಿದ್ದು ಒಡೆದ ಕೋಣೆಯೊಂದಕ್ಕೆ ಮಾತ್ರ. ಉಳಿದವಕ್ಕೆ ಬಣ್ಣ ಬಳಿದರೆ ಸಾಕು ಎಂದಿತು ಇಲಾಖೆ.

"ಬಂದಷ್ಟು ತಗೋ. ದೊಡ್ಡವರನ್ನ ಯಾಕೆ ಎದುರು ಹಾಕ್ಕೋತೀಯ?" ಎಂದ ಅಣ್ಣ.

"ನೀನು ನನ್ನ ಅರ್ಧ ಓದಿಸಿ ಕೈ ಬಿಟ್ಟಿದ್ಯಾ?"

ಇಲಾಖೆಯ ಸಭೆಗೆ ಆಕೆ ಮಕ್ಕಳ ತಾಯಂದಿರನ್ನು ಕಟ್ಟಿಕೊಂಡು ಹೊರಟಾಗ ಅಣ್ಣ ಇಸ್ತ್ರಿ ಅಂಗಿ ತೊಟ್ಟು ತಾನೂ ಬಸ್ಸು ಹತ್ತಿದ.

ಅಧಿಕಾರಿ ಒರಟನೇನಲ್ಲ. "ಮೇಡಂ, ಒಡೆಯದೇ ಇರೋ ಶೀಟಿನಿಂದ ಅಷ್ಟು ಅಪಾಯ ಇಲ್ಲ" ಎಂದು ತಾಳ್ಮೆಯಿಂದಲೇ ಹೇಳಿದ.

"ಒಪ್ತೀನಿ ಸಾರ್. ಹಾಗಾದ್ರೆ ಇನ್ನು ಮುಂದೆ ಒಡೆಯಲ್ಲ ಅಂತ ನೀವು ಭರವಸೆ ಕೊಡಿ. ಚೆಂಡಿಗೆ ನಾನು ಹೇಳ್ಕೋತೀನಿ."

ಆ ಗಂಟಲಿಗೆ ಪಕ್ಕದ ವಿಭಾಗದವರೂ ಬಾಗಿಲಿಗೆ ಬಂದರು. ಸಭೆಯ ನಗು ನಿಂತ ಮೇಲೆ ಆಕೆ ದನಿ ತಗ್ಗಿಸಿದಳು. "ಇವರು ನಮ್ಮಣ್ಣ. ಆ ಶೀಟು ಕೊಯ್ದಿದ್ದು ಇವರೇ. ಈ ಕಟ್ಟಡದ ಮೆಟ್ಟಿಲು ಹತ್ತೋಕೆ ಇವರಿಗೆ ಎಷ್ಟು ಹೊತ್ತಾಯ್ತು ಅಂತ ಈ ತಾಯಂದಿರನ್ನ ಕೇಳಿ."

ಅಧಿಕಾರಿ ಎದ್ದು ಬಂದು ಅಣ್ಣನಿಗೆ ತನ್ನ ಕುರ್ಚಿ ಕೊಟ್ಟ. ಮುಂದಿನ ವಾರ ಖುದ್ದಾಗಿ ಶಾಲೆಗೆ ಬಂದು ಕೋಣೆ ಕೋಣೆ ಸುತ್ತಿದ. ಎಲ್ಲ ತರಗತಿಗಳಿಗೂ ಅನುದಾನ ಬಂತು. ಮುಖ್ಯೋಪಾಧ್ಯಾಯಿನಿಯ ಕೋಣೆ ಮಾತ್ರ ಪಟ್ಟಿಯಿಂದ ಬಿಟ್ಟುಹೋಯಿತು. ಆಕೆ ಅದರ ಬಾಗಿಲು ಮುಚ್ಚಿ, ಮೇಜನ್ನು ಜಗಲಿಗೆ ಹಾಕಿಸಿಕೊಂಡಳು. "ಗಾಳಿ ಬೆಳಕು ಚೆನ್ನಾಗಿದೆ" ಎಂದಳು, ಕೇಳಿದವರಿಗೆಲ್ಲ.

ರಜೆಯಲ್ಲಿ ಗುತ್ತಿಗೆದಾರನ ಆಳುಗಳು ಮೂಗಿಗೊಂದು ಬಟ್ಟೆಯನ್ನೂ ಕಟ್ಟದೆ ಸುತ್ತಿಗೆ ಹಿಡಿದು ಚಾವಣಿ ಹತ್ತಿದರು. ಒಡೆದು ಕೆಡವಿದರೆ ಬೇಗ ಮುಗಿಯುತ್ತದೆ ಎಂಬ ಲೆಕ್ಕಾಚಾರ.

"ಇಳೀರಪ್ಪಾ ಕೆಳಗೆ!"

ಬೀದಿಯೇ ಬೆಚ್ಚಿಬಿತ್ತು.

"ಕೆಲಸ ನಿಂತ್ರೆ ಅನುದಾನ ವಾಪಸ್ ಹೋಗುತ್ತೆ ಮೇಡಂ" ಎಂದು ಗುತ್ತಿಗೆದಾರ ಸಿಡುಕಿದ.

"ಹೋದ್ರೆ ಮತ್ತೆ ತರ್ತೀನಿ. ಈ ಕೆಲಸದ ಹುಡುಗರ ಉಸಿರು ನೀನು ವಾಪಸ್ ತಂದುಕೊಡ್ತೀಯಾ?"

ಅವನು ಗೊಣಗುತ್ತಲೇ ಇದ್ದ. ಆಕೆ ಅಧಿಕಾರಿಗೆ ಫೋನು ಮಾಡಿದಳು. ಕೆಲದಿನ ಕೆಲಸ ನಿಂತಿತು. ಆಮೇಲೆ ಬಂದವರು ಮೂಗಿಗೆ ಮುಖವಾಡ, ಮೈಗೆ ಬಿಳಿಯ ಉಡುಪು ತೊಟ್ಟಿದ್ದರು. ಶೀಟುಗಳಿಗೆ ನೀರು ಚಿಮುಕಿಸಿ, ಬೋಲ್ಟು ಬಿಚ್ಚಿ, ಮುರಿಯದಂತೆ ಇಳಿಸಿ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರು.

ಅಣ್ಣ ತಂಗಿ ಇಬ್ಬರೂ ದೂರದ ಅಂಗಡಿಯ ಬೆಂಚಿನಲ್ಲಿ ಕೂತು ನೋಡುತ್ತಿದ್ದರು. ಅಣ್ಣ ಇಳಿಯುತ್ತಿದ್ದ ಶೀಟುಗಳನ್ನು ಒಂದೊಂದಾಗಿ ಎಣಿಸುತ್ತಿದ್ದ.

"ನಾನು ಹಾಕಿದ್ದರಲ್ಲಿ ಒಂದೇ ಒಂದು ಸೋರಿರಲಿಲ್ಲ, ಅಲ್ವಾ?"

"ಒಂದೂ ಇಲ್ಲ ಅಣ್ಣ. ಮಳೇಲಿ ನನ್ನ ಮಕ್ಕಳು ಒಂದು ಹನಿ ನೆನೆದಿಲ್ಲ. ನಿನ್ನ ಕೈಗೆ ಸಿಕ್ಕಿದ ಸಾಮಾನು ಕೆಟ್ಟದು, ಕೈ ಕೆಟ್ಟದಲ್ಲ."

ಅಣ್ಣ ಅಂಗಿಯ ತುದಿಯಲ್ಲಿ ಕಣ್ಣೊರೆಸಿಕೊಂಡ.

ಶಾಲೆ ಹೊಸ ಚಾವಣಿಯಡಿ ತೆರೆಯಿತು. ಸುದ್ದಿ ಕೇಳಿದ ಸುತ್ತಲಿನ ಶಾಲೆಯವರು ಜೋರು ಟೀಚರನ್ನು ತಮ್ಮ ಸಭೆಗಳಿಗೆ ಕರೆಯತೊಡಗಿದರು. ಅಣ್ಣನೂ ಜೊತೆಗೆ ಹೊರಡುತ್ತಾನೆ. ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ಹರಿಯುವಾಗ, ಯಾರೂ ಕೇಳದಿದ್ದರೂ ಎದೆಯುಬ್ಬಿಸಿ ಹೇಳುತ್ತಾನೆ: "ಕಿಟಕಿ ಪಕ್ಕ ಕೂತಿದ್ದಾಳಲ್ಲ, ನನ್ನ ತಂಗಿ. ಶಾಲೆ ಚಾವಣಿ ತೆಗೆಸೋಕೆ ಹೊರಟಿದ್ದಾಳೆ. ನಾನೇ ಓದಿಸಿದ್ದು."