ವಾರಿಜ ಕಂಡ ವರ್ಣತಂತು

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ವಾರಿಜ ತುಳುವಿನಲ್ಲಿ ಮಾತಿಗಿಳಿಯುತ್ತಿದ್ದಳು. ನಮ್ಮೊಂದಿಗಲ್ಲ, ಗಾಜಿನ ಮೇಲಿನ ಜೀವಕೋಶಗಳೊಂದಿಗೆ. "ಉಂತುಲ ಮಾರಾಯಾ, ಎಂಚಿನ ಅರ್ಜೆಂಟ್?" ಎಂದು, ಬಸ್ಸಿಗೆ ಓಡುವವನನ್ನು ತಡೆದು ನಿಲ್ಲಿಸುವಂತೆ ಕೇಳುವಳು. ಪ್ರಯೋಗಾಲಯದವರೆಲ್ಲ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಆ ಕೋಶಗಳು ಅವಳ ಮಾತನ್ನು ಕೇಳುತ್ತವೆ, ನನ್ನದನ್ನು ಕೇಳುವುದಿಲ್ಲ ಎಂಬ ಗುಮಾನಿ ಆಗಲೇ ಇತ್ತು.

ಅವಳು ನಾರಾವಿಯವಳು, ನಾನು ಮೆಲ್ಕಾರಿನವಳು. ಎಂ.ಎಸ್ಸಿ.ಯಲ್ಲಿ ಒಂದೇ ಬೆಂಚು, ಹಾಸ್ಟೆಲಿನಲ್ಲಿ ಒಂದೇ ಕೋಣೆ. ಅಂಕ ನನಗೇ ಹೆಚ್ಚು ಬರುತ್ತಿತ್ತು. ಆದರೂ ಪಾಠ ಅರ್ಥವಾಗದವರು ಅವಳ ಬಳಿಗೇ ಹೋಗುತ್ತಿದ್ದರು. ಕೈನೇಸ್ ಎಂಬ ಪ್ರೋಟೀನು ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸಿ ಅವುಗಳ ಕೆಲಸವನ್ನು ಶುರುಮಾಡಿಸುತ್ತದೆ, ಇಲ್ಲವೇ ನಿಲ್ಲಿಸುತ್ತದೆ ಎಂದು ನಾನು ಪುಸ್ತಕದಲ್ಲಿದ್ದಂತೆ ಒಪ್ಪಿಸುತ್ತಿದ್ದೆ. ಅವಳು ಒಂದು ದಿನ ತನ್ನ ದುಪಟ್ಟಾದ ಎರಡು ತುದಿಗಳನ್ನು ಇಬ್ಬರ ಕೈಗೆ ಕೊಟ್ಟಳು.

"ಇದು ಜೋಡಿ ವರ್ಣತಂತು. ಎರಡೂ ಕಡೆಯಿಂದ ಸರಿಯಾಗಿ ಎಳೆಯುವವರೆಗೆ ಕೋಶ ಎರಡಾಗಬಾರದು. ಅಷ್ಟರವರೆಗೆ ತಡೆದು ನಿಲ್ಲಿಸ್ಲಿಕ್ಕೆ ಒಂದು ಕೈನೇಸ್ ಉಂಟು. ಅಷ್ಟೇ ಮಾರಾಯ್ತಿ."

ಮರುದಿನ ತರಗತಿಯಿಡೀ ದುಪಟ್ಟಾದ ಮಾತು.

ನಮ್ಮ ಪ್ರೊಫೆಸರರ ಬಳಿ ಸಂಶೋಧನೆಗೆ ಒಂದೇ ಜಾಗವಿತ್ತು. ಅವರು ನಮ್ಮಿಬ್ಬರಿಗೂ ಹೆಸರು ಹೇಳದ ಒಂದು ಔಷಧ ಕೊಟ್ಟು, ವಿಭಜನೆಯಾಗುವ ಕೋಶಗಳಿಗೆ ಅದು ಏನು ಮಾಡುತ್ತದೆ, ನೋಡಿ ಬನ್ನಿ ಎಂದರು. ನನ್ನ ಗಾಜಿನ ಮೇಲೆ ಕೋಶಗಳು ಎರಡಾಗಿದ್ದವು. ವರ್ಣತಂತುಗಳು ಮಾತ್ರ ನಡುವೆ ಅಲ್ಲಲ್ಲಿ ಹಿಂದುಳಿದಿದ್ದವು. ಬಣ್ಣ ಹಾಕುವಾಗ ಕೆಟ್ಟಿತೆಂದುಕೊಂಡು ತೊಳೆದು ಮತ್ತೆ ಶುರುಮಾಡಿದೆ. ವಾರಿಜಳ ಗಾಜಿನಲ್ಲೂ ಅದೇ ಕಂಡಿತ್ತು. ಅವಳು ತೊಳೆಯಲಿಲ್ಲ. ಊಟಕ್ಕೂ ಏಳದೆ ನೋಡಿ ನೋಡಿ ಕೊನೆಗೆ ಪ್ರೊಫೆಸರರನ್ನು ಕರೆದಳು.

"ಇದು ಹಾಳಾದದ್ದಲ್ಲ ಸರ್. ಕೋಶ ಕಾಯಲೇ ಇಲ್ಲ. ತಡೆಯುವ ಕೈನೇಸನ್ನೇ ಈ ಮದ್ದು ಸುಮ್ಮನಾಗಿಸಿದೆ."

ಪ್ರೊಫೆಸರರು ಬಗ್ಗಿ ನೋಡಿ, ಅವಳ ಹೆಗಲು ತಟ್ಟಿದರು. ಜಾಗ ಅವಳದಾಯಿತು. ಕೋಣೆಗೆ ಮರಳುವಾಗ, ನಿನಗೆ ಬೇಸರ ಉಂಟಾ ಎಂದು ಕೇಳಿದಳು. ಇಲ್ಲವೆಂದೆ. ನಂಬಿದಳು. ಹೊಟ್ಟೆಕಿಚ್ಚು ಎಂದರೆ ಏನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚು.

ನಾನು ಮೂಡುಬಿದಿರೆಯಲ್ಲಿ ಕಾಲೇಜು ಉಪನ್ಯಾಸಕಿಯಾದೆ. ಅವಳಿಗೆ ಈಗ ದೂರದ ಊರಿನಲ್ಲಿ ಸ್ವಂತ ಪ್ರಯೋಗಾಲಯವಿದೆ. ವರ್ಣತಂತುಗಳು ತಪ್ಪಿ ಹಂಚಿಹೋದ ಕೋಶಗಳು ಕ್ಯಾನ್ಸರಿನತ್ತ ಹೇಗೆ ಸಾಗುತ್ತವೆ ಎಂಬುದು ಅವಳ ಕೆಲಸ. ಕಳೆದ ವರ್ಷ ನಮ್ಮ ಕಾಲೇಜಿಗೆ ಉಪನ್ಯಾಸ ಕೊಡಲು ಬಂದಿದ್ದಳು. ವೇದಿಕೆಯ ಮೇಲೆಯೇ ನನ್ನನ್ನು ಅಪ್ಪಿಕೊಂಡು, ನಮ್ಮ ತರಗತಿಯಲ್ಲಿ ಇವಳಷ್ಟು ಓದಿದವರು ಯಾರೂ ಇರಲಿಲ್ಲ ಎಂದಳು. ಆ ಮಾತಿನಲ್ಲಿ ಒಂದಿಷ್ಟು ವ್ಯಂಗ್ಯ ಸಿಕ್ಕೀತೇ ಎಂದು ಹುಡುಕಿದೆ. ಸಿಗಲಿಲ್ಲ.

ಅಲ್ಲೇ ಬಿ.ಎಸ್ಸಿ. ಓದುವ ನನ್ನ ಮಗಳು ಮುಂದಿನ ಸಾಲಿನಲ್ಲಿ ಕೂತಿದ್ದಳು. ಉಪನ್ಯಾಸ ಮುಗಿದ ಮೇಲೆ ವಾರಿಜಳ ಚೀಲವನ್ನು ತಾನೇ ಎತ್ತಿಕೊಂಡು, ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತ ಕಾರಿನವರೆಗೆ ನಡೆದಳು. ನಾನು ಹಿಂದೆ ಹಿಂದೆ ಹೋದೆ. ಕಾರು ತಿರುವಿನಲ್ಲಿ ಮರೆಯಾದರೂ ಮಗಳು ಗೇಟು ಬಿಟ್ಟು ಕದಲಲಿಲ್ಲ.

"ಅಮ್ಮ, ರಜೆಯಲ್ಲಿ ಅವರ ಲ್ಯಾಬಿಗೆ ಬರ್ಲಿಕ್ಕೆ ಹೇಳಿದ್ದಾರೆ. ಹೋಗ್ಲಾ?"

ಹೋಗು ಎಂದೆ. ಬೇಡವೆನ್ನಲು ನನ್ನಲ್ಲಿದ್ದದ್ದು ಒಂದೇ ಕಾರಣ. ಅದನ್ನು ಮಗಳಿಗೆ ಹೇಳುವಂತಿರಲಿಲ್ಲ.