ದಯವಿಟ್ಟು ಕಣ್ಣು ಮಿಟುಕಿಸಿ

ಕೋವಿಡ್ ಕಳೆದು ಎರಡನೆಯ ವರ್ಷ. ಸರ್ಕಾರಿ ನೇಮಕಾತಿಯ ವೆಬ್‌ಸೈಟ್ ರೂಪಿಸುವ ತಂಡದಲ್ಲಿ ನಾನು ಹಿರಿಯ ವಿನ್ಯಾಸಕಿಯಾಗಿದ್ದೆ. ದೃಷ್ಟಿಯಿಲ್ಲದವರೂ ಯಾರ ನೆರವಿಲ್ಲದೆ ಅರ್ಜಿ ತುಂಬುವಂತಿರಬೇಕು, ಅದು ನನ್ನ ಹೊಣೆ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಈಗ ಎಲ್ಲ ಮೊಬೈಲುಗಳಲ್ಲೂ ಇರುತ್ತದೆ. ಅದು ಓದಬೇಕಾದ ಕನ್ನಡ ವಾಕ್ಯಗಳನ್ನೆಲ್ಲ ಬರೆದವಳು ನಾನೇ.

ದ್ವಿತೀಯ ದರ್ಜೆ ಸಹಾಯಕರ ಹುದ್ದೆಗೆ ಅರ್ಜಿ ಹಾಕುವ ಕೊನೆಯ ದಿನ ನಾನು ಕಳಸದ ಹತ್ತಿರದ ಸಂಸೆ ಎಂಬ ಹಳ್ಳಿಯಲ್ಲಿದ್ದೆ. ವೆಬ್‌ಸೈಟ್ ಹಳ್ಳಿಗಳಲ್ಲಿ ಹೇಗೆ ಬಳಕೆಯಾಗುತ್ತಿದೆ ಎಂದು ನೋಡಲು ಹೋಗಿದ್ದೆ. ಪರಿಚಯದ ಶಿಕ್ಷಕರೊಬ್ಬರು ವಸಂತಿಯ ಬಗ್ಗೆ ಹೇಳಿದ್ದರು. ಬಿ.ಎ. ಓದಿದ ಹುಡುಗಿ. ಹುಟ್ಟಿನಿಂದ ರೆಪ್ಪೆಗಳೇ ತೆರೆದಿರಲಿಲ್ಲ. ವಯೋಮಿತಿಯ ಪ್ರಕಾರ ಅವಳಿಗೆ ಅದೇ ಕೊನೆಯ ಅವಕಾಶ. ತಾಯಿ ಗಿರಿಜಮ್ಮ ಎಸ್ಟೇಟ್ ಕೆಲಸಕ್ಕೆ ರಜೆ ಹಾಕಿ ಜೊತೆಗೆ ಬಂದಿದ್ದರು.

ಬಸ್ ತಂಗುದಾಣದಲ್ಲಿ ಮಾತ್ರ ನೆಟ್‌ವರ್ಕ್ ಸರಿಯಾಗಿ ಸಿಗುತ್ತಿತ್ತು. ಅಲ್ಲಿಯ ಕಲ್ಲು ಬೆಂಚಿನ ಮೇಲೆ ಕೂತು ವಸಂತಿ ನಲವತ್ತು ನಿಮಿಷದಲ್ಲಿ ಇಡೀ ಅರ್ಜಿ ತುಂಬಿದಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ನನಗೆ ಹೆಮ್ಮೆಯಾಗಿತ್ತು.

ಕೊನೆಯ ಹಂತ ಫೋಟೊ. ಕ್ಯಾಮೆರಾದ ಮುಂದಿರುವುದು ಜೀವಂತ ಮನುಷ್ಯರೇ, ಯಾರದೋ ಚಿತ್ರವಲ್ಲ ಎಂದು ಖಚಿತಪಡಿಸಿಕೊಳ್ಳಲು ಭದ್ರತಾ ವಿಭಾಗ ಹೊಸದಾಗಿ ಸೇರಿಸಿದ್ದ ಪರೀಕ್ಷೆ ಅದು. ಮೊಬೈಲು ಸ್ಪಷ್ಟವಾಗಿ ಹೇಳಿತು: “ದಯವಿಟ್ಟು ಕಣ್ಣು ಮಿಟುಕಿಸಿ.”

ವಸಂತಿ ಮೊಬೈಲು ಹಿಡಿದುಕೊಂಡೇ ಕೂತಳು. “ಮೇಡಂ, ನಾನೀಗ ಎಂತ ಮಾಡ್ಬೇಕು?”

ಆ ಹಂತವನ್ನು ಪರೀಕ್ಷಿಸಿದವಳೂ ನಾನೇ. ಪರದೆ ನೋಡದೆ ಬರೀ ಧ್ವನಿ ಕೇಳಿಸಿಕೊಂಡು ಪರೀಕ್ಷಿಸಿದ್ದೆ. ಮಿಟುಕಿಸಿ ಎಂದಿತು, ಮಿಟುಕಿಸಿದೆ, ಸರಿಯಿದೆ ಎಂದು ಸಹಿ ಹಾಕಿದೆ.

ಎರಡು ಪ್ರಯತ್ನ ವಿಫಲವಾದವು. ಮೂರನೆಯದೂ ವಿಫಲವಾದರೆ ಒಂದು ದಿನ ಖಾತೆ ತೆರೆಯುವುದಿಲ್ಲ.

“ನಾನು ಮಿಟುಕಿಸ್ತೀನಿ ಮೇಡಂ. ನನ್ ಮುಖ ತೋರ್ಸಿದ್ರೆ ಆಗಲ್ವಾ?” ಎಂದರು ಗಿರಿಜಮ್ಮ.

ಬೇರೆಯವರ ಮುಖ ದಾಖಲಾದರೆ ವಂಚನೆಯೆಂದು ಅರ್ಜಿಯೇ ರದ್ದಾಗುತ್ತದೆ. ಹಾಗೆಂದು ಹೇಳಿದಾಗ ಅವರು ನನ್ನ ಕೈ ಹಿಡಿದುಕೊಂಡರು. “ಇದನ್ನ ಮಾಡಿದ್ದು ನೀವೇ ಅಂದ್ರಲ್ಲ. ನೀವೇ ಒಂಚೂರು ಸರಿ ಮಾಡಿ.”

ಆಗ ಗಂಟೆ ನಾಲ್ಕು. ಗಡುವು ಐದೂವರೆ. ಬೆಂಗಳೂರಿಗೆ ಆರು ಸಲ ಫೋನ್ ಮಾಡಿದೆ. ಭದ್ರತಾ ವಿಭಾಗದ ಅಧಿಕಾರಿ ಸಿಟ್ಟಾಗಲಿಲ್ಲ. “ಸಮಿತಿ ಒಪ್ಪಿಗೆ ಇಲ್ದೆ ಒಂದಕ್ಷರ ಬದಲಾಯಿಸೋ ಅಧಿಕಾರ ನನಗೂ ಇಲ್ಲ ಮೇಡಂ” ಎಂದರು. ಕಾಗದದ ಅರ್ಜಿ ಕೊಡಲು ನಿಯಮದಲ್ಲಿ ಅವಕಾಶವಿರಲಿಲ್ಲ. ಕಳಸದ ಬಸ್ಸು ಬಂತು, ಜನ ಇಳಿದರು, ಹತ್ತಿದರು. ನಾವು ಮೂವರೂ ಅಲ್ಲೇ ಕೂತಿದ್ದೆವು. ಐದೂವರೆಗೆ ಮೊಬೈಲು, “ಅವಧಿ ಮುಗಿದಿದೆ. ಧನ್ಯವಾದಗಳು” ಎಂದಿತು. ಅದೂ ನಾನು ಬರೆದ ವಾಕ್ಯವೇ.

ವಸಂತಿಯ ಪರವಾಗಿ ಬರೆದ ಮನವಿ ತಿರಸ್ಕೃತವಾಯಿತು. ಅವಳ ವಯೋಮಿತಿಯೂ ದಾಟಿತು. ನಾಲ್ಕು ತಿಂಗಳ ನಂತರ ಸಮಿತಿ ಪರ್ಯಾಯ ವ್ಯವಸ್ಥೆಗೆ ಒಪ್ಪಿತು. ಅದನ್ನು ತಿಳಿಸಲು ವಸಂತಿಗೆ ಫೋನ್ ಮಾಡಿದೆ.

“ಇನ್ಮೇಲೆ ಹಾಕೋರಿಗೆ ತೊಂದ್ರೆ ಇಲ್ವಲ್ಲ ಮೇಡಂ?”

“ಇಲ್ಲ.”

“ಒಳ್ಳೇದಾಯ್ತು” ಎಂದಳು.

ನಿವೃತ್ತಳಾಗುವವರೆಗೆ, ದೃಷ್ಟಿಯಿಲ್ಲದ ಒಬ್ಬರಾದರೂ ಮೊದಲಿಂದ ಕೊನೆಯವರೆಗೆ ಬಳಸಿ ನೋಡದ ಯಾವ ಅರ್ಜಿಗೂ ನಾನು ಸಹಿ ಹಾಕಲಿಲ್ಲ. ಇನ್ನೊಬ್ಬರ ಕಷ್ಟವನ್ನು ಊಹಿಸಿಕೊಂಡು ಕೆಲಸ ಮಾಡುವಂತಿಲ್ಲ, ಅವರನ್ನೇ ಕರೆದು ಕೂರಿಸಿಕೊಳ್ಳಬೇಕು. ಇಷ್ಟನ್ನು ಕಲಿಯಲು ನನಗೆ ಇಪ್ಪತ್ತಾರು ವರ್ಷದ ನೌಕರಿ ಸಾಲಲಿಲ್ಲ, ವಸಂತಿಯ ಕೈತಪ್ಪಿದ ನೌಕರಿಯೂ ಬೇಕಾಯಿತು.