ಒಂದು ಕೊಡಪಾನ ಕಡಿಮೆ

ಹುಣಸೆಹುಳಿ ಹಾಕಿ ತಾಮ್ರ ತಿಕ್ಕುವಾಗ ಒಂದು ವಾಸನೆ ಬರುತ್ತದೆ. ಹುಳಿಯದ್ದೂ ಅಲ್ಲ, ಲೋಹದ್ದೂ ಅಲ್ಲ, ನಾಲಿಗೆ ಕಚ್ಚಿಕೊಂಡಾಗ ಬಾಯಲ್ಲಿ ಉಳಿಯುತ್ತದಲ್ಲ, ಅಂಥದ್ದು. ಹೋದ ವಾರ ಬೆಳಿಗ್ಗೆ ಚಾ ಕುಡಿಯುತ್ತ ಕುಳಿತಿದ್ದಾಗ ಬಾಲ್ಕನಿಯಿಂದ ಆ ವಾಸನೆ ಬಂತು. ಲೋಟ ಹಿಡಿದುಕೊಂಡೇ ಹೋಗಿ ನೋಡಿದರೆ, ನನ್ನ ಮಗಳ ಮಗಳು ದೀಕ್ಷಾ ನಮ್ಮ ಹಳೆಯ ಹಂಡೆಯೊಳಗೆ ಸೊಂಟದವರೆಗೆ ಬಗ್ಗಿ ತಿಕ್ಕುತ್ತಿದ್ದಳು. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ. ಅವಳು ಪಂಪ್‌ವೆಲ್ ಹತ್ತಿರ ಒಂದು ಕಡೆ ಅಭಿನಯ ಕಲಿಯುತ್ತಾಳೆ, ಅವರ ನಾಟಕಕ್ಕೆ ಹಂಡೆ ಬೇಕಂತೆ. ಅಲ್ಲಿ ಹಾಜರಿ ಕಡಿಮೆಯಾದರೆ ಮಾರ್ಕು ಕಡಿಮೆ, ಇನ್ನೂ ಕಡಿಮೆಯಾದರೆ ಕೊನೆಯ ನಾಟಕದಲ್ಲಿ ಪಾರ್ಟೇ ಇಲ್ಲ. ಹಾಗಾಗಿ ನಾಲ್ಕು ದಿನದಿಂದ ಬಾರದ ಗೆಳತಿಯ ಹಾಜರಿಯನ್ನು ಇವಳೇ ಫೋನಿನಲ್ಲಿ ಒತ್ತುತ್ತಿದ್ದಾಳೆ. ಅವಳ ಪಾಸ್‌ವರ್ಡ್ ಇವಳ ಹತ್ತಿರ ಉಂಟಂತೆ. ಅದನ್ನು ದೊಡ್ಡ ಉಪಕಾರದ ಹಾಗೆ ನನಗೆ ಹೇಳಿ, ಹಂಡೆಯಿಂದ ತಲೆ ಎತ್ತಿ, "ಅಜ್ಜಿ, ಇದರ ಒಳಗೆ ಒಂದು ಗೆರೆ ಉಂಟು, ಎಷ್ಟು ತಿಕ್ಕಿದ್ರೂ ಹೋಗುದಿಲ್ಲ" ಎಂದಳು. ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಫೋನಿನಲ್ಲಿ ಬರೆಯಲು ನನಗೆ ಕಲಿಸಿದವಳು ಅವಳೇ. ಆದ್ದರಿಂದ ಇದನ್ನು ಒಂದೇ ಬೆರಳಿನಲ್ಲಿ ಕುಟ್ಟುತ್ತಿದ್ದೇನೆ. ಅವಳಿಗೆ ಬಾಯಿಯಲ್ಲಿ ಹೇಳಿದ್ದೇ ಇದು, ನಿಮಗೂ ಹೇಳುತ್ತೇನೆ.

ಕೊಡಿಯಾಲ್‌ಬೈಲಿನಲ್ಲಿ ಈಗ ನಾವಿರುವ ಈ ಕಟ್ಟಡದ ಜಾಗದಲ್ಲೇ ನಮ್ಮ ಹಂಚಿನ ಮನೆ ಇತ್ತು. ಕೆಳಗೆ ಕಾರು ನಿಲ್ಲಿಸುವಲ್ಲಿ ಬಾವಿ, ಲಿಫ್ಟ್ ಇರುವಲ್ಲಿ ಬಚ್ಚಲು, ಅದರಲ್ಲಿ ಈ ಹಂಡೆ. ನಮ್ಮಲ್ಲಿ ಮನೆಗೆ ಯಜಮಾನ ಅಂದರೆ ಸೋದರಮಾವ. ಅವರಿಗೆ ಗದ್ದೆಯ ಗೇಣಿ, ಕೋರ್ಟಿನ ವಾಯಿದೆ ಯಾವುದೂ ತಲೆಗೆ ಹತ್ತುತ್ತಿರಲಿಲ್ಲ, ಹತ್ತಿದ್ದು ನಾಟಕ ಒಂದೇ. ಹಂಚಿನ ಕಾರ್ಖಾನೆಯವರು, ಹೋಟೆಲಿನಲ್ಲಿ ಲೋಟ ತೊಳೆಯುವವರು, ಜವಳಿ ಅಂಗಡಿಯವರು, ಎಲ್ಲ ಸಂಜೆ ಕೆಲಸ ಬಿಟ್ಟು ನಮ್ಮ ಅಂಗಳಕ್ಕೆ ಬಂದು ಅವರ ಹತ್ತಿರ ಅಭಿನಯ ಕಲಿಯುತ್ತಿದ್ದರು. ಅವರಿಗೆಲ್ಲ ಮಾವ ಮಾಸ್ಟ್ರು. ಗ್ಯಾಸ್‌ಲೈಟಿನ ಸೀಮೆಎಣ್ಣೆ, ಬೆವರು, ತೆಂಗಿನೆಣ್ಣೆಯಲ್ಲಿ ಕಲಸಿದ ಬಿಳಿ ಬಣ್ಣ, ಇವು ಮೂರೂ ಸೇರಿದ ಒಂದು ಗಾಳಿ ರಾತ್ರಿ ನಾವು ಮಲಗುವ ಚಾಪೆಯವರೆಗೂ ಬರುತ್ತಿತ್ತು. ಮಾವನಿಗೆ ಇರುಳುಗಣ್ಣು. ಹೊತ್ತು ಮುಳುಗಿದರೆ ಎದುರು ನಿಂತವರು ಯಾರೆಂದು ಕಾಣದು. ಅದು ಊರಿಗೆಲ್ಲ ಗೊತ್ತಿತ್ತು, ಊರಿಗೆ ಗೊತ್ತಿದೆ ಎನ್ನುವುದು ಅವರೊಬ್ಬರಿಗೆ ಗೊತ್ತಿರಲಿಲ್ಲ.

ಮೊದಮೊದಲು ಅವರು ಹೆಸರು ಕೂಗಿ ಹಾಜರಿ ತೆಗೆಯುತ್ತಿದ್ದರಂತೆ. ಆದರೆ ಕಲಿಯಲು ಬಂದವರು ನಟರು. ಒಬ್ಬನೇ ಕತ್ತಲಲ್ಲಿ ನಿಂತು ನಾಲ್ಕು ಜನರ ಸ್ವರದಲ್ಲಿ ಓ ಎನ್ನುತ್ತಿದ್ದ. ಅದು ಗೊತ್ತಾದ ಮೇಲೆ ಮಾವ ನೀರಿನ ಹಾಜರಿ ಶುರು ಮಾಡಿದರು. ಬಂದವರು ಮೊದಲು ಬಾವಿಯಿಂದ ಒಂದು ಕೊಡಪಾನ ನೀರು ಸೇದಿ ಹಂಡೆಗೆ ಹೊಯ್ಯಬೇಕು, ಆಮೇಲೆ ಅಂಗಳಕ್ಕೆ ಇಳಿಯಬೇಕು. ಎಲ್ಲರೂ ಬಂದ ದಿನ ನೀರು ಸರಿಯಾಗಿ ಕಂಠಕ್ಕೆ ಬರುವಂತೆ ಅವರೇ ಮೊದಲು ತಳದಲ್ಲಿ ಒಂದಷ್ಟು ಹೊಯ್ದಿಡುತ್ತಿದ್ದರು. ತಾಲೀಮು ಮುಗಿದು ಬಣ್ಣ ತೊಳೆಯಲು, ಕಾಲು ತೊಳೆಯಲು ಅದೇ ನೀರು. ಪಾಠ ಶುರುವಾಗುವ ಮುಂಚೆ ಮಾವ ಬಚ್ಚಲಿಗೆ ಹೋಗಿ ಹಂಡೆಯೊಳಗೆ ಕೈ ಇಳಿಸುತ್ತಿದ್ದರು. ನೀರು ಕೆಳಗಿದ್ದರೆ ಯಾರು ಬಂದಿಲ್ಲ ಎಂದು ಕೇಳುತ್ತಿದ್ದರು, ಯಾರಿಗೂ ಸುಳ್ಳು ಹೇಳಲು ಆಗುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಕೊಡೆ ಹಿಡಿದು ಬಾರದವನ ಮನೆಗೆ ನಡೆದೇ ಹೋಗುತ್ತಿದ್ದರು. ಬೈಯಲಿಕ್ಕೆ ಎಂದು ಎಲ್ಲರೂ ಹೆದರುತ್ತಿದ್ದರು. ಹೌದು, ಬೈಯುತ್ತಿದ್ದರು. ಆದರೆ ಜ್ವರದಲ್ಲಿ ಬಿದ್ದವನನ್ನು ರಿಕ್ಷಾಕ್ಕೆ ಹಾಕಿ ಆಸ್ಪತ್ರೆಗೆ ಒಯ್ದದ್ದೂ ಉಂಟು. ಸಾಲಾಗಿ ತಪ್ಪಿಸಿದವನ ಪಾರ್ಟು ಮಾತ್ರ ಹೋದದ್ದೇ. ಅವನು ಆ ವರ್ಷ ಪರದೆ ಎಳೆಯಬೇಕು.

ಮಾರ್ಕು ಕೊಡುವುದು ನನ್ನ ಅಮ್ಮ. ಅಮ್ಮ ನಾಟಕ ನೋಡಿದವಳೇ ಅಲ್ಲ. ಸಂಜೆ ಅಡಿಗೆಮನೆಯ ಮೂಲೆಯಲ್ಲಿ ಕುಳಿತು ಮರುದಿನದ ದೋಸೆಗೆ ಅಕ್ಕಿ ಕಡೆಯುತ್ತಿದ್ದಳು. ಕಡೆಯುವ ಕಲ್ಲಿನ ಗುಡುಗುಡು ದಾಟಿ, ಎರಡು ಗೋಡೆ ದಾಟಿ, ಅಂಗಳದ ಮಾತು ಅವಳಿಗೆ ಮುಟ್ಟಬೇಕು. ಮಾವ ಜಗಲಿಯಿಂದ ಕೇಳ್ತದಾ ಎಂದು ಕೂಗುತ್ತಿದ್ದರು, ಅಮ್ಮ ಒಳಗಿನಿಂದ "ಕೇಳ್ತದೆ" ಎಂದರೆ ಪಾಸು. ಏನೂ ಹೇಳದಿದ್ದರೆ ಮತ್ತೊಮ್ಮೆ. ಕಿರುಚಿದವನಿಗೆ, "ಕಿವಿ ಉಂಟು ಮಾರಾಯ ನನಗೆ" ಎನ್ನುತ್ತಿದ್ದಳು, ಅವನು ಫೇಲು. ಅದಕ್ಕಿಂತ ಮೇಲಿನ ಮಾರ್ಕು ಇನ್ನೊಂದಿತ್ತು. ಮಾತು ಕೇಳಿ ಅಮ್ಮನ ಕೈ ತಾನಾಗಿ ನಿಲ್ಲಬೇಕು. ಅದನ್ನು ಪಡೆದವರು ಯಾರೂ ಇರಲಿಲ್ಲ, ಫೆಲಿಕ್ಸ್ ಬರುವವರೆಗೆ.

ಫೆಲಿಕ್ಸ್ ಕೊಂಕಣಿ ಮಾತಾಡುವ ಕ್ರಿಸ್ತುವರ ಹುಡುಗ, ಹಂಚಿನ ಕಾರ್ಖಾನೆಯಲ್ಲಿ ಕೆಲಸ, ಅತ್ತಾವರದ ಒಂದು ತೋಟದ ಹಿಂದೆ ಒಂಟಿ ಕೋಣೆ. ಅಪ್ಪ ಇಲ್ಲ, ತಾಯಿ ದೂರದ ಊರಿನಲ್ಲಿ. ಆಗೆಲ್ಲ ಹೆಂಗಸಿನ ಪಾರ್ಟೂ ಗಂಡಸರದ್ದೇ. ಆ ವರ್ಷ ಮಾವ ಅವನಿಗೆ ತಾಯಿಯ ಪಾರ್ಟು ಕೊಟ್ಟರು. ವರ್ಷಗಟ್ಟಲೆ ಸುದ್ದಿಯಿಲ್ಲದ ಮಗ ಒಂದು ಸಂಜೆ ಬಾಗಿಲಲ್ಲಿ ನಿಂತಾಗ ತಾಯಿ ಹೇಳುವ ಒಂದು ಮಾತಿತ್ತು: "ಬಂದ್ಯಾ ಮಗ, ನಾನು ಬಾಗಿಲು ಹಾಕಿರ್ಲಿಲ್ಲ." ಎಲ್ಲರೂ ಅಳುತ್ತ ಹೇಳುವ ಜಾಗ ಅದು. ಫೆಲಿಕ್ಸ್ ಅಳಲಿಲ್ಲ. ಪೇಟೆಗೆ ಹೋಗಿ ಬಂದವನಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದ. ನಾನು ಅಮ್ಮನ ಪಕ್ಕ ಕುಳಿತು ಒರಳಿಗೆ ಅಕ್ಕಿ ದೂಡಿ ಕೊಡುತ್ತಿದ್ದೆ. ಕಲ್ಲು ನಿಂತಿತು. ಅಂಗಳದಲ್ಲಿ ಯಾರೋ ಚಪ್ಪಾಳೆ ತಟ್ಟಲು ಹೋಗಿ ಅರ್ಧಕ್ಕೇ ಬಿಟ್ಟರು.

ನಾಟಕಕ್ಕೆ ಸ್ವಲ್ಪವೇ ದಿನ ಇದ್ದಾಗ ಅವನ ಊರಿನ ಇಗರ್ಜಿಯ, ಅಂದರೆ ಚರ್ಚಿನ, ಹಬ್ಬ ಬಂತು. ಕಾರ್ಖಾನೆಯಲ್ಲಿ ರಜೆ ಸಿಕ್ಕಿತು. ಮಾವನ ಹತ್ತಿರ ಕೇಳಲು ಧೈರ್ಯ ಸಾಲಲಿಲ್ಲ. ಅವನ ಜೊತೆಗೆ ದುಡಿಯುವ ಸುಂದರ ಎಂಬವನು ನಾಟಕದಲ್ಲಿ ಮಗನ ಪಾರ್ಟು ಮಾಡುತ್ತಿದ್ದ. ಫೆಲಿಕ್ಸ್ ಅವನಿಗೆ ಹೇಳಿದನಂತೆ, "ಹಬ್ಬ ಮುಗಿಸಿ ಬರ್ತೇನೆ, ಅಲ್ಲಿವರೆಗೆ ನನ್ನ ಕೊಡಪಾನ ನೀನೇ ಹೊಯ್ಯಿ. ಪಾರ್ಟು ಒಂದು ಹೋಗ್ಬಾರ್ದು." ಸುಂದರ ದಿನಾ ಎರಡು ಕೊಡಪಾನ ಹೊಯ್ದ. ಮಾವ ಕೈ ಇಳಿಸಿ ನೋಡಿದಾಗಲೆಲ್ಲ ನೀರು ಕಂಠಕ್ಕೆ ಇತ್ತು. ಆ ವಾರ ಅವರು ರಾಜನ ದೃಶ್ಯ ತಿದ್ದುತ್ತಿದ್ದರು, ಉಳಿದವರು ಹಿತ್ತಿಲ ಕತ್ತಲಲ್ಲಿ ತಮ್ಮ ತಮ್ಮ ಮಾತು ಬಾಯಿಪಾಠ ಮಾಡುತ್ತಿದ್ದರು. ಹಾಗೆ ಫೆಲಿಕ್ಸ್ ಊರಿಗೆ ಹೋಗಿದ್ದಾನೆ ಎಂದು ಸುಂದರ ತಿಳಿದಿದ್ದ. ತಾಲೀಮು ಬಿಟ್ಟು ಬರಲಾಗಲಿಲ್ಲ ಎಂದು ಅವನ ತಾಯಿ ತಿಳಿದಿದ್ದರು. ಹಿತ್ತಿಲಲ್ಲಿದ್ದಾನೆ ಎಂದು ಮಾವ ತಿಳಿದಿದ್ದರು.

ಅಮ್ಮನೊಬ್ಬಳಿಗೆ ಸಮಾಧಾನ ಇರಲಿಲ್ಲ. ಒಂದು ರಾತ್ರಿ ಊಟ ಬಡಿಸುತ್ತ, "ಅಣ್ಣ, ಆ ಫೆಲಿಕ್ಸ್‌ನ ಸ್ವರ ಕೇಳುದಿಲ್ಲ" ಎಂದಳು.

ಮಾವ ಅನ್ನ ಕಲಸುತ್ತಲೇ, "ಹಂಡೆ ತುಂಬಿ ಉಂಟಲ್ಲ" ಎಂದರು.

"ಹಂಡೆ ಎಂತ ಮಾತಾಡ್ತದಾ?"

ಮರುದಿನವೂ ನೀರು ಕಂಠಕ್ಕೇ ಇತ್ತು. ಅಮ್ಮ ಆ ಸಂಜೆ ಅಕ್ಕಿ ಕಡೆಯಲು ಕುಳಿತುಕೊಳ್ಳಲೇ ಇಲ್ಲ. ನೇರ ಜಗಲಿಗೆ ಬಂದು, ಅಷ್ಟು ಗಂಡಸರ ಎದುರು, ಫೆಲಿಕ್ಸ್ ಎಲ್ಲಿ ಎಂದು ಕೇಳಿದಳು. ಸುಂದರ ಎದುರು ಬಂದು ಇದ್ದದ್ದು ಇದ್ದ ಹಾಗೆ ಹೇಳಿದ. ಹಬ್ಬ ಮುಗಿದು ಮೂರ್ನಾಲ್ಕು ದಿನವಾಗಿತ್ತು, ತಾಯಿಯ ಹತ್ತಿರ ಇನ್ನೂ ಉಳಿದಿದ್ದಾನೆ ಎಂದುಕೊಂಡು ಅವನು ನೀರು ಹೊಯ್ಯುತ್ತಲೇ ಇದ್ದ. ಮಾವ ಆ ಕತ್ತಲಲ್ಲೇ ಸುಂದರನ ಹೆಗಲು ಹಿಡಿದುಕೊಂಡು ಅತ್ತಾವರಕ್ಕೆ ಹೋದರು. ಕೋಣೆಗೆ ಒಳಗಿನಿಂದ ಚಿಲಕ ಹಾಕಿತ್ತು. ಬಾಗಿಲು ಒಡೆದರು. ಊರಿಗೆ ಹೊರಟವನು ಬಸ್ಸು ಹತ್ತುವ ಮುಂಚೆಯೇ ಜ್ವರ ಬಂದು ಮಲಗಿದ್ದನಂತೆ. ಹಬ್ಬಕ್ಕೆ ಇಸ್ತ್ರಿ ಮಾಡಿದ ಅಂಗಿ ಗೋಡೆಯ ಮೊಳೆಯಲ್ಲಿ ಹಾಗೇ ಇತ್ತಂತೆ. ಹಿಂದಿನ ದಿನ ಬಂದಿದ್ದರೆ ಜೀವ ಇರುತ್ತಿತ್ತು ಎಂದು ಡಾಕ್ಟ್ರು ಹೇಳಿದರು. ಆ ಮಾತನ್ನು ಅವರು ಹೇಳದೆ ಇರಬಹುದಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಕೆಲವು ದಿನದ ಮೇಲೆ ಅವನ ತಾಯಿ ನಮ್ಮ ಮನೆಗೆ ಬಂದರು. ಕಪ್ಪು ಸೀರೆ, ಕೈಯಲ್ಲಿ ಜಪಸರ. ಬೈಯಲಿಕ್ಕೆ ಬಂದದ್ದಲ್ಲ. ಅಂಗಳದಲ್ಲಿ ನಿಂತು, ಅವನು ನಿಲ್ಲುತ್ತಿದ್ದ ಜಾಗ ಯಾವುದು ಎಂದು ಕೇಳಿದರು. ಆಮೇಲೆ, "ಅವ ಹೇಗೆ ಮಾಡ್ತಿದ್ದ ಮಾಸ್ಟ್ರೆ?" ಎಂದರು. ಎಷ್ಟೋ ಜನರಿಗೆ ಮಾತು ಕಲಿಸಿದ ಮಾವ ಅಡಿಗೆಮನೆಯ ಕಡೆ ತಿರುಗಿದರು. ಅಮ್ಮ ಹೊರಗೆ ಬಂದು, ಕ್ರಿಸ್ತುವರ ಹೆಂಗಸರನ್ನು ನಾವು ಕರೆಯುವ ಹಾಗೆ, "ಬಾಯಮ್ಮ, ಒಳಗೆ ಬನ್ನಿ" ಎಂದು ಅವರನ್ನು ಅಡಿಗೆಮನೆಗೆ ಕರೆದುಕೊಂಡು ಹೋದಳು. ಕಲ್ಲಿನ ಮುಂದೆ ಕುಳಿತು ಒಂದೆರಡು ಸುತ್ತು ತಿರುಗಿಸಿದಳು. ಎರಡು ಗೋಡೆಯಾಚೆ ಅವನು ನಿಂತಿದ್ದ, ಈ ಶಬ್ದದಲ್ಲೂ ಅವನ ಮಾತು ನನಗೆ ಮುಟ್ಟಿತು ಎಂದಳು. ಆಮೇಲೆ ಕೈ ನಿಲ್ಲಿಸಿದಳು. "ಹೀಗೆ ನಿಂತಿತು. ಅವನೊಬ್ಬನಿಗೇ ನಿಂತದ್ದು." ಆ ತಾಯಿ ನೆಲದಲ್ಲಿ ಕುಳಿತು ಗುಂಡುಕಲ್ಲಿನ ಮೇಲೆ ಕೈ ಇಟ್ಟರು. ಅವನು ಹೇಳಿದ್ದು ಎಂತ ಎಂದು ಕೇಳಿದರು. ಅಮ್ಮ ಆ ಮಾತು ಹೇಳಿದಳು. ನಾನು ಮೆಲ್ಲಗೆ ಎದ್ದು ಹೊರಗೆ ಬಂದೆ.

ಆ ವರ್ಷ ನಾಟಕ ಆಗಲಿಲ್ಲ. ಪಾಠ ನಿಲ್ಲಲಿಲ್ಲ. ಆದರೆ ಮಾವ ಮತ್ತೆ ಹಂಡೆಗೆ ಕೈ ಇಳಿಸಿ ಹಾಜರಿ ನೋಡಲಿಲ್ಲ. ಸಂಜೆ ಜಗಲಿಯ ಮೆಟ್ಟಿಲಲ್ಲಿ ನಿಲ್ಲುತ್ತಿದ್ದರು, ಒಬ್ಬೊಬ್ಬರೇ ಎದುರು ಬರಬೇಕು, ತಲೆ, ಹಣೆ, ಕೆನ್ನೆ ಮುಟ್ಟಿ ಹೆಸರು ಹೇಳಿ ಒಳಗೆ ಬಿಡುತ್ತಿದ್ದರು. ಕಣ್ಣು ಕಾಣುವುದಿಲ್ಲ ಎಂಬುದನ್ನು ಹಾಗೆ ಒಪ್ಪಿಕೊಂಡರು. ಬಣ್ಣ ತೊಳೆಯಲು ನೀರು ಬೇಕಲ್ಲ, ಅದನ್ನು ಸುಂದರ ತುಂಬಿಸುತ್ತಿದ್ದ. ಅವನು ಮತ್ತೆ ಬಣ್ಣ ಹಚ್ಚಲಿಲ್ಲ, ಆದರೆ ದಿನಾ ಬರುತ್ತಿದ್ದ. ತುಂಬಿಸಿ, ಮಾವನ ಎದುರು ತಲೆ ಬಗ್ಗಿಸಿ ನಿಲ್ಲುತ್ತಿದ್ದ, ಮಾವ ಅವನ ತಲೆಯನ್ನೂ ಮುಟ್ಟುತ್ತಿದ್ದರು. ಕಂಠದವರೆಗೆ ಮಾತ್ರ ಅವನು ಎಂದೂ ಹೊಯ್ಯಲಿಲ್ಲ. ಮೇಲಿನ ಒಂದು ಕೊಡಪಾನದ ಜಾಗ ಖಾಲಿ ಬಿಡುತ್ತಿದ್ದ. ಯಾರೂ ಅವನಿಗೆ ಹಾಗೆ ಹೇಳಿದ್ದಲ್ಲ. ಮಾವ ಇರುವವರೆಗೂ, ವರ್ಷಗಟ್ಟಲೆ, ನೀರು ಅಲ್ಲಿಗೇ ನಿಂತು ತಾಮ್ರಕ್ಕೆ ಆ ಗೆರೆ ಕೂತಿತು. ಮಾವ ಹೋದರು, ಸುಂದರ ಹೋದ, ಅಮ್ಮ ಹೋದಳು. ಪಾಲಾಗಿ ಮನೆ ಬಿತ್ತು, ಬಾವಿಯ ಮೇಲೆ ಕಾರುಗಳು ನಿಂತವು. ಕಡೆಯುವ ಕಲ್ಲನ್ನು ಎರಡನೇ ಮಾಳಿಗೆಗೆ ಯಾರು ಹೊರುವುದು? ಹಂಡೆ ಮಾತ್ರ ನನ್ನ ಪಾಲಿಗೆ ಬಂತು.

ದೀಕ್ಷಾ ಎಲ್ಲ ಕೇಳಿ, ಹುಣಸೆ ಹತ್ತಿದ ಕೈಯಲ್ಲೇ ಗೆಳತಿಗೆ ಫೋನ್ ಮಾಡಿದಳು. ಮೊದಲ ಸಲ ಎತ್ತಲಿಲ್ಲ. ಆ ಸ್ವಲ್ಪ ಹೊತ್ತು ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎರಡನೇ ಸಲ ಎತ್ತಿದಳು, ಕೂದಲಿಗೆ ಬಣ್ಣ ಹಾಕಿಸಲು ಕುಳಿತಿದ್ದಳಂತೆ. ನಾನೂ ನಾಲ್ಕು ಮಾತು ಬೈದೆ, ಆ ಹುಡುಗಿಗೆ ಯಾಕೆಂದು ಅರ್ಥವಾಗಿರಲಿಕ್ಕಿಲ್ಲ. ನಿನ್ನೆ ಹಂಡೆಯನ್ನು ಟೆಂಪೋದಲ್ಲಿ ಒಯ್ದರು. ನಾಟಕದಲ್ಲಿ ಅದು ತುಂಬಿರಬೇಕಂತೆ. ಒಯ್ಯುವ ಮುಂಚೆ, ಎಷ್ಟು ತುಂಬಿಸುವುದು ಅಜ್ಜಿ ಎಂದು ದೀಕ್ಷಾ ಕೇಳಿದಳು. ನಾನು ಒಳಗೆ ಕೈ ಇಳಿಸಿ, ಬೆರಳಿನಲ್ಲಿ ಆ ಗೆರೆ ಹುಡುಕಿ, ಇಲ್ಲಿವರೆಗೆ ಸಾಕು ಮಗಾ ಎಂದೆ.